ಮಾರ್ಚ್ ಒಂದರ ಅರ್ಜಿ, ಮಾರ್ಚ್ ತಿಂಗಳ ಮೀನು: ಲೋಫೋಟೆನ್ ಹಳ್ಳಿಗಳ ಹದಿಹರೆಯ

ನಾರ್ವೆಯಲ್ಲಿ ಹತ್ತನೇ ತರಗತಿ ಓದುತ್ತಿರುವ ಮಕ್ಕಳು ಮುಂದೆ ಏನು ಓದುತ್ತೇವೆ, ಯಾವ ಊರಿನಲ್ಲಿ ಓದುತ್ತೇವೆ ಎಂಬ ಅರ್ಜಿಯನ್ನು ಮಾರ್ಚ್ 1ರೊಳಗೆ ಸಲ್ಲಿಸಬೇಕು. ದೇಶಕ್ಕೆಲ್ಲ ಒಂದೇ ದಿನಾಂಕ. ಆದರೆ ಉತ್ತರದ ಲೋಫೋಟೆನ್ ದ್ವೀಪಗಳ ಮೀನುಗಾರ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ವರ್ಷದ ದೊಡ್ಡ ಮೀನುಗಾರಿಕೆ ಭರದಲ್ಲಿರುತ್ತದೆ. ಶಾಲೆ ಬಿಟ್ಟ ಮಕ್ಕಳು ರಬ್ಬರ್ ಬೂಟು ಹಾಕಿಕೊಂಡು ದಕ್ಕೆಗೆ ಹೋಗಿ ಸ್ವಂತ ದುಡಿಮೆ ನಡೆಸುವ ಕಾಲವದು. ಹದಿನೈದರ ವಯಸ್ಸಿಗೇ ಕೈಯಲ್ಲಿ ಗಳಿಕೆಯಿರುತ್ತದೆ, ಅದೇ ವಯಸ್ಸಿಗೆ ಊರು ಬಿಡುವ ಅರ್ಜಿಯನ್ನೂ ತುಂಬಬೇಕಾಗುತ್ತದೆ. ಇವೆರಡು ಒಟ್ಟಿಗೆ ಬರುವುದರಿಂದಲೇ ಅಲ್ಲಿನ ಹದಿಹರೆಯ ಬೇರೆ ಕಡೆಯ ಹದಿಹರೆಯದಂತಿಲ್ಲ.

ಲೋಫೋಟೆನ್ ಇರುವುದು ಆರ್ಕ್ಟಿಕ್ ವೃತ್ತದ ಉತ್ತರಕ್ಕೆ, ಸುಮಾರು 68 ಡಿಗ್ರಿ ಅಕ್ಷಾಂಶದಲ್ಲಿ. ನಕ್ಷೆ ನೋಡಿದವರು ಹೆಪ್ಪುಗಟ್ಟಿದ ಕಡಲನ್ನು ಊಹಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಈ ತೀರದುದ್ದಕ್ಕೂ ಹರಿಯುವುದರಿಂದ ಬಂದರುಗಳು ಚಳಿಗಾಲದಲ್ಲೂ ತೆರೆದೇ ಇರುತ್ತವೆ. ಜನವರಿ, ಫೆಬ್ರವರಿಯ ಸರಾಸರಿ ಉಷ್ಣಾಂಶ ಸೊನ್ನೆಯ ಆಸುಪಾಸು. ದಿನನಿತ್ಯ ಕಾಡುವುದು ಚಳಿಗಿಂತ ಹೆಚ್ಚಾಗಿ ಗಾಳಿ, ಹಸಿ ಹಿಮ ಮತ್ತು ಕತ್ತಲೆ. ಬಾರೆಂಟ್ಸ್ ಸಮುದ್ರದಲ್ಲಿ ಬೆಳೆದ ಕಾಡ್ ಮೀನು ಮೊಟ್ಟೆಯಿಡಲು ಜನವರಿಯಿಂದ ಏಪ್ರಿಲ್‌ವರೆಗೆ ಈ ದ್ವೀಪಗಳ ಒಳಗಡಲಿಗೆ ಬರುತ್ತದೆ. ಹೀಗೆ ವಲಸೆ ಬರುವ ಮೀನನ್ನು ಅಲ್ಲಿನವರು ‘ಸ್ಕ್ರೈ’ ಎನ್ನುತ್ತಾರೆ. ಹಳ್ಳಿಗಳು ಹುಟ್ಟಿದ್ದೂ ಅದರಿಂದಲೇ, ಇಂದಿಗೂ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ.

ಸಣ್ಣ ಶಾಲೆ

ಮಕ್ಕಳು ಆರು ವರ್ಷ ತುಂಬುವ ವರ್ಷ ಶಾಲೆಗೆ ಸೇರುತ್ತಾರೆ. ಹತ್ತು ವರ್ಷ ಕಡ್ಡಾಯ, ಪೂರ್ತಿ ಉಚಿತ. 1ರಿಂದ 7 ಪ್ರಾಥಮಿಕ, 8ರಿಂದ 10 ಕಿರಿಯ ಪ್ರೌಢ ಹಂತ. ಏಳನೆಯವರೆಗೆ ಅಂಕಗಳೇ ಇಲ್ಲ. ಎಂಟರಿಂದ 1ರಿಂದ 6ರ ಶ್ರೇಣಿ ಆರಂಭವಾಗುತ್ತದೆ, 6 ಅತ್ಯುತ್ತಮ. ಹತ್ತರ ಕೊನೆಗೆ ಎಲ್ಲ ವಿಷಯಗಳ ಶ್ರೇಣಿಯ ಸರಾಸರಿ ತೆಗೆದು ಹತ್ತರಿಂದ ಗುಣಿಸುತ್ತಾರೆ. ಸರಾಸರಿ 4.2 ಬಂದರೆ 42 ಅಂಕ. ಮುಂದಿನ ಶಾಲೆಯಲ್ಲಿ ಸೀಟು ನಿರ್ಧಾರವಾಗುವುದು ಈ ಒಂದು ಸಂಖ್ಯೆಯ ಮೇಲೆ.

ಹಳ್ಳಿ ಚಿಕ್ಕದಾದಷ್ಟೂ ತರಗತಿಗಳು ಬೆರೆಯುತ್ತವೆ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಯವರು ಕೂರುವುದು, ಒಬ್ಬರೇ ಶಿಕ್ಷಕರು ನಾಲ್ಕಾರು ವಿಷಯ ಹೇಳಿಕೊಡುವುದು ಇಲ್ಲಿ ಸಾಮಾನ್ಯ. ಇದರಲ್ಲಿ ಲಾಭವೂ ಇದೆ: ಹಿಂದೆ ಬಿದ್ದ ಮಗು ಯಾರ ಕಣ್ಣಿಗೂ ಬೀಳದೆ ಉಳಿಯಲು ಸಾಧ್ಯವಿಲ್ಲ. ನಷ್ಟ ಎದ್ದು ಕಾಣುವುದು ಎಂಟನೇ ತರಗತಿಯಲ್ಲಿ, ಎರಡನೇ ವಿದೇಶಿ ಭಾಷೆ ಆರಿಸಿಕೊಳ್ಳುವಾಗ. ನಗರದ ಶಾಲೆಯಲ್ಲಿ ಸ್ಪ್ಯಾನಿಷ್, ಜರ್ಮನ್, ಫ್ರೆಂಚ್ ಮೂರೂ ಸಿಗಬಹುದು. ಹಳ್ಳಿಯಲ್ಲಿ ಯಾವ ಶಿಕ್ಷಕರು ಇದ್ದಾರೋ ಆ ಭಾಷೆ, ಇಲ್ಲದಿದ್ದರೆ ಪರದೆಯ ಮೂಲಕ ಪಾಠ. ಮೀನು ಸಂಸ್ಕರಣೆಯ ಕೆಲಸಕ್ಕೆ ಲಿಥುವೇನಿಯಾ, ಪೋಲೆಂಡ್‌ಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳೂ ಈ ತರಗತಿಗಳಲ್ಲಿದ್ದಾರೆ. ನಾರ್ವೇಜಿಯನ್ ಬರುವತನಕ ಅವರಿಗೆ ಪ್ರತ್ಯೇಕ ಭಾಷಾ ಬೋಧನೆ ಕಾನೂನಿನಂತೆ ಸಿಗುತ್ತದೆ. ಎಷ್ಟೋ ಕಡೆ ಶಾಲೆ ಮುಚ್ಚದೆ ಉಳಿಯಲು ಬೇಕಾದ ಸಂಖ್ಯೆ ಅವರಿಂದಲೇ ತುಂಬುತ್ತದೆ ಎಂಬುದನ್ನು ಮರೆಯಬಾರದು.

ಬಿಸಿಯೂಟ ಇಲ್ಲ. ಮನೆಯಿಂದ ತಂದ ಬುತ್ತಿಯೇ ಊಟ: ಬ್ರೆಡ್ ಹೋಳುಗಳ ಮೇಲೆ ಕಂದುಬಣ್ಣದ ಸಿಹಿ ಚೀಸ್, ಪಿತ್ತಜನಕಾಂಗದ ಪೇಸ್ಟ್ ಅಥವಾ ಟ್ಯೂಬಿನಿಂದ ಹಿಂಡುವ ಮೀನಿನ ಮೊಟ್ಟೆಯ ಪೇಸ್ಟ್. ಹೋಳುಗಳು ಅಂಟಿಕೊಳ್ಳದಂತೆ ನಡುವೆ ತೆಳು ಕಾಗದ. ಮೊಬೈಲು ತರಗತಿಯಿಂದ ಹೊರಗಿರಲಿ ಎಂದು 2024ರ ಫೆಬ್ರವರಿಯಲ್ಲಿ ದೇಶದ ಶಿಕ್ಷಣ ನಿರ್ದೇಶನಾಲಯ ಶಿಫಾರಸು ಮಾಡಿತು.

ಕಡಲ ಹಳ್ಳಿಯ ಮಟ್ಟಿಗೆ ಅತಿ ಮುಖ್ಯವಾದ ಪಾಠ ಈಜು. ಮನರಂಜನೆಗೆಂದು ಅದನ್ನು ಕಲಿಸುವುದಿಲ್ಲ. 2015ರಲ್ಲಿ ಪಠ್ಯಕ್ರಮಕ್ಕೆ ಸೇರಿಸಿದ ಗುರಿಯ ಪ್ರಕಾರ ನಾಲ್ಕನೇ ತರಗತಿ ಮುಗಿಸುವ ಮಗು ಆಳದ ನೀರಿಗೆ ಬಿದ್ದು, 100 ಮೀಟರ್ ಬೋರಲಾಗಿ ಈಜಿ, ಈಜುವಾಗಲೇ ಮುಳುಗಿ ತಳದಿಂದ ವಸ್ತುವೊಂದನ್ನು ಎತ್ತಿಕೊಂಡು, ಮೂರು ನಿಮಿಷ ತೇಲಿ ದಣಿವಾರಿಸಿಕೊಂಡು, ಬಳಿಕ 100 ಮೀಟರ್ ಅಂಗಾತ ಈಜಬೇಕು. ಆ ಮೂರು ನಿಮಿಷದ ತೇಲಾಟವೇ ಇದರ ಜೀವಾಳ. ತಣ್ಣೀರಿಗೆ ದಿಢೀರನೆ ಬಿದ್ದವರು ಸಾಯುವುದು ಹಲವು ವೇಳೆ ಈಜು ಬಾರದೆ ಅಲ್ಲ. ಮೊದಲ ನಿಮಿಷದಲ್ಲಿ ಏದುಸಿರು ಬಂದು ನೀರು ಕುಡಿದು ಸಾಯುತ್ತಾರೆ. ಕೈಕಾಲು ಬಡಿಯದೆ ತೇಲಿ ಉಸಿರು ಹಿಡಿತಕ್ಕೆ ತಂದುಕೊಂಡವರಿಗೆ ದಡ ಸೇರುವ ಅವಕಾಶ ಉಳಿಯುತ್ತದೆ.

ಕತ್ತಲೆ ಮತ್ತು ಬೆಳಕು

ಕರ್ನಾಟಕದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ, ಎರಡು ಗಂಟೆ ವ್ಯತ್ಯಾಸ. ಲೋಫೋಟೆನ್‌ನಲ್ಲಿ ಡಿಸೆಂಬರ್ ಮೊದಲ ಭಾಗದಿಂದ ಜನವರಿ ಮೊದಲ ವಾರದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಪೂರ್ತಿ ಕಗ್ಗತ್ತಲೆಯೇನಲ್ಲ, ನಡುಹಗಲಲ್ಲಿ ಮೂರು ನಾಲ್ಕು ಗಂಟೆ ನೀಲಿ ಮಬ್ಬು ಬೆಳಕಿರುತ್ತದೆ. ಆದರೆ ಮಕ್ಕಳು ಶಾಲೆಗೆ ಹೋಗುವುದೂ ಕತ್ತಲಲ್ಲಿ, ಬರುವುದೂ ಕತ್ತಲಲ್ಲಿ. ಆಮೇಲೆ ಹಗಲು ಓಡೋಡಿ ಬೆಳೆಯುತ್ತದೆ: ಜನವರಿಯಿಂದ ಮಾರ್ಚ್ 20ರವರೆಗೆ ದಿನಕ್ಕೆ ಸರಾಸರಿ ಹತ್ತು ನಿಮಿಷದಷ್ಟು. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ.

ಹದಿಹರೆಯದವರ ದೇಹಕ್ಕೆ ಇದು ಎರಡು ಕಡೆಯಿಂದ ಕಷ್ಟ. ಆ ವಯಸ್ಸಿನಲ್ಲಿ ನಿದ್ದೆಯ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ, ಅದನ್ನು ಹಿಂದಕ್ಕೆ ಎಳೆಯುವುದು ಬೆಳಗಿನ ಬೆಳಕು. ಡಿಸೆಂಬರಿನಲ್ಲಿ ಬೆಳಗಿನ ಬೆಳಕೇ ಇಲ್ಲದಿದ್ದಾಗ ರಾತ್ರಿ ಒಂದಾದರೂ ನಿದ್ದೆ ಬಾರದು, ಬೆಳಿಗ್ಗೆ ಏಳಕ್ಕೆ ಎಚ್ಚರವಾಗದು. ಮನೆಯವರು ಮಾಡಿಕೊಳ್ಳುವ ಉಪಾಯಗಳು ಸರಳ: ಎದ್ದ ಕೂಡಲೇ ಕೋಣೆಯ ಪ್ರಖರ ದೀಪಗಳನ್ನೆಲ್ಲ ಹಾಕುವುದು, ನಡುಹಗಲ ಬಿಡುವಿನಲ್ಲಿ ಮಳೆಯಿರಲಿ ಹಿಮವಿರಲಿ ಹೊರಗೆ ಇರುವುದು, ರಜೆಯ ದಿನವೂ ಏಳುವ ಹೊತ್ತನ್ನು ತೀರ ಬದಲಿಸದಿರುವುದು. ಬೇಸಿಗೆಯಲ್ಲಿ ಇದರ ತಲೆಕೆಳಗು, ಬೆಳಕು ತೂರದ ದಪ್ಪ ಪರದೆ ಬೇಕು.

ಬಿಸಿಲಿಲ್ಲದ ತಿಂಗಳುಗಳಲ್ಲಿ ಚರ್ಮ ವಿಟಮಿನ್ ಡಿ ತಯಾರಿಸಲಾರದು. ಅದಕ್ಕೆ ಕಾಡ್ ಲಿವರ್ ಎಣ್ಣೆ, ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿ. ಅಷ್ಟರಲ್ಲಿ 10 ಮೈಕ್ರೊಗ್ರಾಂ ವಿಟಮಿನ್ ಡಿ ಇರುತ್ತದೆ. ಹೆಸರಿನಲ್ಲಿ ‘ರ್’ ಅಕ್ಷರವಿರುವ ತಿಂಗಳುಗಳಲ್ಲೆಲ್ಲ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಕುಡಿಯಬೇಕು ಎಂಬುದು ಅಲ್ಲಿನ ಹಳೆಯ ರೂಢಿ. ಹೊರಗೆ ಹೋಗುವಾಗ ಜಾಕೆಟ್ಟಿನಿಂದ ತೂಗುವ ಪ್ರತಿಫಲಕ ಬಿಲ್ಲೆ ಇರಲೇಬೇಕು. ದ್ವೀಪಗಳನ್ನು ಪೋಣಿಸುವ ಇ10 ಹೆದ್ದಾರಿಗೆ ಎಷ್ಟೋ ಕಡೆ ಪಾದಚಾರಿ ಅಂಚೇ ಇಲ್ಲ, ಕಪ್ಪು ಜಾಕೆಟ್ಟಿನ ಹುಡುಗ ಚಾಲಕನಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ನಾಲಿಗೆ ಕತ್ತರಿಸುವ ಕೆಲಸ

ಈಗ ದಕ್ಕೆಗೆ ಬರೋಣ. ದೋಣಿಗಳು ತಂದ ಕಾಡ್‌ನ ತಲೆ ತೆಗೆದು, ಹೊಟ್ಟೆ ಶುಚಿ ಮಾಡಿದ ಮೇಲೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತಲೆಗಳು ಉಳಿಯುತ್ತವೆ. ಆ ತಲೆಗಳಿಂದ ನಾಲಿಗೆ ಕತ್ತರಿಸುವುದು ತಲೆಮಾರುಗಳಿಂದ ಹಳ್ಳಿಯ ಮಕ್ಕಳ ಹಕ್ಕು. ದೊಡ್ಡವರು ಇದಕ್ಕೆ ಕೈಹಾಕುವುದಿಲ್ಲ. ಋತುವಿನಲ್ಲಿ ಅವರ ಪ್ರತಿ ಗಂಟೆಯೂ ಕೆಡುವ ಮೀನಿನ ಮೇಲೆ ಹೋಗಬೇಕು, ಹಾಗಾಗಿ ಉಪ ಉತ್ಪನ್ನ ಮಕ್ಕಳ ಪಾಲಾಯಿತು, ಪದ್ಧತಿಯಾಗಿ ಉಳಿಯಿತು. ಮಕ್ಕಳು ಸಂಸ್ಕರಣಾ ಘಟಕದ ಕೂಲಿಗಳಲ್ಲ. ತಲೆಗಳನ್ನು ಘಟಕ ಕೊಡುತ್ತದೆ, ಮಕ್ಕಳು ತಮ್ಮದೇ ಲೆಕ್ಕದಲ್ಲಿ ಕತ್ತರಿಸಿ ಘಟಕಕ್ಕೋ ಹೋಟೆಲಿಗೋ ಮನೆಮನೆಗೋ ಮಾರುತ್ತಾರೆ.

ನಾಲಿಗೆ ಎಂದು ಕರೆದರೂ ತಿನ್ನುವುದು ಬಹುಪಾಲು ಕೆಳದವಡೆಯ ನಡುವಿನ, ಗಂಟಲ ಬುಡದ ಸ್ನಾಯು. ಸಲಕರಣೆ ಸಣ್ಣದು. ಸೊಂಟದೆತ್ತರದ ಮೇಜು, ಅದರ ಹಲಗೆಯಲ್ಲಿ ನೆಟ್ಟಗೆ ನಿಂತ ಉಕ್ಕಿನ ಮೊಳೆ, ಚಿಕ್ಕ ಚೂಪು ಚಾಕು. ತಲೆಯನ್ನು ಎತ್ತಿ, ದವಡೆಯ ಅಡಿಯ ಮೆದುಭಾಗ ಮೊಳೆಗೆ ಬರುವಂತೆ ಒತ್ತಬೇಕು. ಮೊಳೆ ನಾಲಿಗೆಯನ್ನು ಚುಚ್ಚಿಕೊಂಡು ಬಾಯಿಯೊಳಗೆ ಮೇಲೇಳುತ್ತದೆ. ಆಮೇಲೆ ಚಾಕುವನ್ನು ದವಡೆಯೆಲುಬಿನ ಒಳಮಗ್ಗುಲಿಗೆ ತಾಗಿಸಿ ಒಂದು ಬದಿ, ಇನ್ನೊಂದು ಬದಿ ಎಳೆದು, ಹಿಂದಿನ ಬುಡವನ್ನು ಕೊಯ್ದರೆ ತಲೆ ಬಿಡಿಸಿಕೊಳ್ಳುತ್ತದೆ, ನಾಲಿಗೆ ಮೊಳೆಯಲ್ಲೇ ಉಳಿಯುತ್ತದೆ. ತಲೆಯನ್ನು ಇನ್ನೊಂದು ತೊಟ್ಟಿಗೆ ಎಸೆದು ಮುಂದಿನದಕ್ಕೆ ಕೈ ಚಾಚಬೇಕು. ಮೊಳೆ ತುಂಬಿದಾಗ ನಾಲಿಗೆಗಳನ್ನು ಒಟ್ಟಿಗೆ ಬಕೆಟ್ಟಿಗೆ ಎಳೆದುಕೊಳ್ಳುವುದು.

ಕೆಡುವುದು ಎಲ್ಲಿ? ಮೊದಲನೆಯದು ಮೊಂಡು ಚಾಕು. ಮೊಂಡಾದಷ್ಟೂ ಬಲ ಹಾಕಬೇಕು, ಬಲ ಹಾಕಿದಷ್ಟೂ ಚಾಕು ಜಾರುತ್ತದೆ, ಲೋಳೆಯಲ್ಲಿ ಹಿಡಿತ ತಪ್ಪುತ್ತದೆ. ಚಾಕು ಹಿಡಿಯದ ಕೈಗೆ ಕತ್ತರಿಸಿಕೊಳ್ಳದಂಥ ಕೈಗವಸು ಹಾಕುವುದು ಅದಕ್ಕೇ. ಎರಡನೆಯದು ಅಂಚಿನ ಲೆಕ್ಕ: ದವಡೆಗೆ ತೀರ ಒತ್ತಿ ಕೊಯ್ದರೆ ಎಲುಬಿನ ಚೂರು ಸೇರಿ ಗಿರಾಕಿ ದೂರುತ್ತಾನೆ, ದೂರದಲ್ಲಿ ಕೊಯ್ದರೆ ತೂಕ ಕಳೆಯುತ್ತದೆ. ಮಾರಾಟ ಕಿಲೋ ಲೆಕ್ಕದಲ್ಲಿ. ಮೂರನೆಯದು ಕೈ ಮರಗಟ್ಟುವುದು. ರಬ್ಬರ್ ಕೈಗವಸಿನ ಒಳಗೆ ಉಣ್ಣೆಯದೊಂದು ಇರಬೇಕು. ಹತ್ತಿ ಒದ್ದೆಯಾದರೆ ಶಾಖ ಹೀರುತ್ತದೆ, ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಸಣ್ಣ ಗೀರನ್ನೂ ಕೂಡಲೇ ತೊಳೆದು ಮುಚ್ಚಬೇಕು. ಮೀನಿನ ಲೋಳೆ ಸೇರಿದ ಗಾಯ ಬೇಗ ಕೀವಾಗುತ್ತದೆ, ಹಾಗಾದರೆ ವಾರಗಟ್ಟಲೆ ದುಡಿಮೆ ಹೋಯಿತು. ಕೊನೆಯದು ತೊಳೆದು ತಣ್ಣಗಿಡುವ ಶಿಸ್ತು. ಸಂಜೆ ಕತ್ತರಿಸಿದ್ದನ್ನು ಆ ರಾತ್ರಿಯೇ ತಣ್ಣೀರಿನಲ್ಲಿ ತೊಳೆದು, ನೀರು ಬಸಿದು, ಚೀಲದಲ್ಲಿ ತೂಗಿ ಫ್ರೀಜರಿಗೆ ಹಾಕದಿದ್ದರೆ ಹೆಸರು ಕೆಡುತ್ತದೆ, ಮುಂದಿನ ವರ್ಷ ಕೊಳ್ಳುವವರಿರುವುದಿಲ್ಲ.

ಚುರುಕಾದ ಮಕ್ಕಳು ಒಂದು ಋತುವಿನಲ್ಲಿ ಹತ್ತಾರು ಸಾವಿರ ಕ್ರೋನರ್ (ನಾರ್ವೆಯ ಹಣ) ಗಳಿಸುತ್ತಾರೆ. ನಾರ್ವೆಯ ಕಾನೂನಿನಂತೆ ಹದಿನೈದು ತುಂಬಿದವರು ಸ್ವಂತ ದುಡಿದ ಹಣವನ್ನು ತಮ್ಮಿಚ್ಛೆಯಂತೆ ಬಳಸಬಹುದು, ತಂದೆತಾಯಿ ಸುಮ್ಮನೆ ಅಡ್ಡಬರುವಂತಿಲ್ಲ. ಮೊಪೆಡ್ಡಿಗೆ, ಹಳೆಯ ದೋಣಿಗೆ, ಮುಂದೆ ಊರು ಬಿಟ್ಟಾಗ ಬೇಕಾಗುವ ಮಂಚ ಮೇಜುಗಳಿಗೆ ಈ ಹಣ ಹೋಗುತ್ತದೆ. ಇದನ್ನು ಬಾಲಕಾರ್ಮಿಕ ಪದ್ಧತಿ ಎಂದು ದೂರದಿಂದ ತೀರ್ಪು ಕೊಡುವುದು ತಪ್ಪೆಂದೇ ನನ್ನ ಎಣಿಕೆ. ಶಾಲೆ ತಪ್ಪಿಸುವಂತಿಲ್ಲ, ಯಾವ ದಿನ ಬರಬೇಕೆಂಬುದನ್ನು ಮಗುವೇ ತೀರ್ಮಾನಿಸುತ್ತದೆ, ಗಳಿಕೆ ಮಗುವಿನದೇ. ಅಂಗಡಿಯಂಥ ಕಡೆ ಸಂಬಳದ ಕೆಲಸಕ್ಕಾದರೆ ನಿಯಮ ಬೇರೆ: 13 ತುಂಬಿದ ಮೇಲೆ ಹಗುರ ಕೆಲಸ ಮಾತ್ರ, ಶಾಲೆಯ ದಿನ 2 ಗಂಟೆ, ಶಾಲೆಯಿರುವ ವಾರದಲ್ಲಿ ಒಟ್ಟು 12 ಗಂಟೆ ಮೀರುವಂತಿಲ್ಲ.

ತಲೆಗಳೂ ವ್ಯರ್ಥವಾಗುವುದಿಲ್ಲ. ಅವನ್ನು ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ, ಅಲ್ಲಿ ಸಾರಿಗೆ ಬಳಕೆ. ಮೀನನ್ನು ಉಪ್ಪಿಲ್ಲದೆ, ಬಾಲಕ್ಕೆ ಬಾಲ ಕಟ್ಟಿ ಜೋಡಿಯಾಗಿ ಮರದ ಚಪ್ಪರಗಳಿಗೆ ತೂಗುಹಾಕುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಗಾಳಿಯಲ್ಲಿ ಒಣಗಿ ಐದು ಕಿಲೋ ಮೀನು ಒಂದು ಕಿಲೋಗೆ ಇಳಿಯುತ್ತದೆ. ಉಷ್ಣಾಂಶ ಸೊನ್ನೆಯ ಬಳಿಯೇ ಆಡುತ್ತಿರಬೇಕು. ತೀರ ಇಳಿದರೆ ಮಾಂಸದೊಳಗೆ ಮಂಜು ಕಟ್ಟಿ ನಾರು ಒಡೆಯುತ್ತದೆ, ಏರಿದರೆ ನೊಣ ಮುತ್ತುತ್ತದೆ. ತೂಗುಹಾಕುವ, ಇಳಿಸುವ ಕೆಲಸದಲ್ಲಿ ದೊಡ್ಡ ಮಕ್ಕಳಿಗೂ ಕೂಲಿ ಸಿಗುತ್ತದೆ.

ದೋಣಿ ಮತ್ತು ಬೇಸಿಗೆ

ಹದಿನಾರರೊಳಗಿನವರು ಒಬ್ಬರೇ ದೋಣಿ ನಡೆಸಬಹುದು, ಆದರೆ ದೋಣಿ 8 ಮೀಟರಿಗಿಂತ ಉದ್ದವಿರಬಾರದು, ಎಂಜಿನ್ 10 ಅಶ್ವಶಕ್ತಿ ಮೀರಬಾರದು, 10 ನಾಟ್‌ಗಿಂತ (ಗಂಟೆಗೆ ಸುಮಾರು 18.5 ಕಿಲೋಮೀಟರ್) ವೇಗವಾಗಿ ಓಡುವಂಥದ್ದಾಗಿರಬಾರದು. 8 ಮೀಟರ್ ಅಥವಾ 25 ಅಶ್ವಶಕ್ತಿ ದಾಟಿದ ದೋಣಿಗೆ ಪರವಾನಗಿ ಬೇಕು, ಅದು ಸಿಗುವುದು ಹದಿನಾರಕ್ಕೆ. 8 ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಚಲಿಸುವಾಗ ಜೀವರಕ್ಷಕ ಜಾಕೆಟ್ ಧರಿಸುವುದು 2015ರಿಂದ ಕಡ್ಡಾಯ.

ಮೀನುಗಾರರ ನೋಂದಣಿ ಇಲ್ಲದವರು ಮೀನು ಹಿಡಿದು ವ್ಯಾಪಾರ ಮಾಡುವುದಕ್ಕೆ ನಾರ್ವೆಯಲ್ಲಿ ಕಟ್ಟುಪಾಡುಗಳಿವೆ. ಆದರೆ 12ರಿಂದ 25 ವಯಸ್ಸಿನವರಿಗೆ ಬೇಸಿಗೆಯಲ್ಲಿ ವಿಶೇಷ ಅವಕಾಶವಿದೆ. ಮೀನುಗಾರಿಕೆ ನಿರ್ದೇಶನಾಲಯಕ್ಕೆ ಅರ್ಜಿ ಹಾಕಿದರೆ, ನಿಗದಿತ ಆದಾಯದ ಮಿತಿಯೊಳಗೆ ಸಣ್ಣ ದೋಣಿಯಲ್ಲಿ ಗಾಳ ಹಾಕಿ ಹಿಡಿದ ಮೀನನ್ನು ನೋಂದಾಯಿತ ಖರೀದಿದಾರರಿಗೆ ಮಾರಬಹುದು. ಎಳೆಯರಿಗೆ ಕಸುಬಿನ ರುಚಿ ಹತ್ತಲಿ ಎಂಬುದೇ ಉದ್ದೇಶ. ಹಿಡಿದ ಕೂಡಲೇ ಮೀನಿನ ರಕ್ತ ಹರಿಸಬೇಕು, ಮಂಜುಗಡ್ಡೆಯಲ್ಲಿಡಬೇಕು, ತೂಕದ ಚೀಟಿ ಜೋಪಾನ ಮಾಡಬೇಕು ಎಂಬುದೆಲ್ಲ ಪುಸ್ತಕದಿಂದ ಬರುವುದಲ್ಲ. ಮಬ್ಬುಮಾಂಸದ ಮೀನಿಗೆ ಕಡಿಮೆ ಬೆಲೆ ಸಿಕ್ಕ ದಿನ ಅದು ಮನಸ್ಸಿಗೆ ಇಳಿಯುತ್ತದೆ.

ಹದಿನಾರಕ್ಕೆ ಮನೆ ಬಿಡುವುದು

ಹತ್ತನೇ ತರಗತಿಯ ನಂತರದ ಮೂರು ವರ್ಷದ ಮೇಲ್ಶಿಕ್ಷಣ 1994ರ ಸುಧಾರಣೆಯಿಂದ ಪ್ರತಿಯೊಬ್ಬರ ಹಕ್ಕು. ಆದರೆ ಅದು ಸಿಗುವುದು ಲೆಕ್ನೇಸ್, ಸ್ವೋಲ್ವೇರ್‌ನಂಥ ಪಟ್ಟಣಗಳಲ್ಲಿ, ಇಲ್ಲವೇ ಮುಖ್ಯನಾಡಿನ ಬೋಡೊದಲ್ಲಿ. ದ್ವೀಪಸಾಲಿನ ಪಶ್ಚಿಮ ತುದಿಯ ಮೊಸ್ಕೆನೇಸ್ ಪುರಸಭೆಯಲ್ಲಿರುವುದು ಸುಮಾರು ಸಾವಿರ ಜನ. ಅಲ್ಲಿನ ರೇನೆಯಿಂದ ಲೆಕ್ನೇಸ್‌ಗೆ 50 ಕಿಲೋಮೀಟರಿಗೂ ಹೆಚ್ಚು. ಇನ್ನೂ ಆಚೆಯ ರೋಸ್ಟ್ ದ್ವೀಪದಿಂದಾದರೆ ಕಡಲು ದಾಟಲು ಹಡಗಿಗೇ ಗಂಟೆಗಟ್ಟಲೆ ಹಿಡಿಯುತ್ತದೆ, ಬಿರುಗಾಳಿಯಿದ್ದರೆ ಹಡಗೂ ಇಲ್ಲ. ಪ್ರತಿದಿನ ಹೋಗಿಬರುವ ಮಾತೇ ಇಲ್ಲ.

ಅರ್ಜಿಯಲ್ಲಿ ಮೂರು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು, ಮೂರರಲ್ಲೊಂದು ಸಿಗುವುದು ಖಚಿತ. ಯಾವುದು, ಎಲ್ಲಿ ಎಂದು ತಿಳಿಯುವುದು ಜುಲೈಯಲ್ಲಿ. ಶಾಲೆ ತೆರೆಯುವುದು ಆಗಸ್ಟ್ ಮಧ್ಯದ ನಂತರ. ಅಂದರೆ ಬಾಡಿಗೆ ಕೋಣೆ ಹುಡುಕಲು ಆರೇಳು ವಾರ, ಅದೂ ಪ್ರವಾಸಿಗಳಿಂದ ಲೋಫೋಟೆನ್ ಕಿಕ್ಕಿರಿದಿರುವ ದಿನಗಳಲ್ಲಿ. ಕೋಣೆಯ ಮಾಲೀಕರು ಬೇಸಿಗೆಯಲ್ಲಿ ಪ್ರವಾಸಿಗೆ ಕೊಟ್ಟರೆ ಹೆಚ್ಚು ಗಳಿಸುತ್ತಾರೆ. ಹೀಗಾಗಿ ತಿಳಿದವರು ಜುಲೈಗೆ ಕಾಯದೆ, ಮಾರ್ಚ್‌ನಲ್ಲೇ ನೆಂಟರಿಷ್ಟರ ಮೂಲಕ ಮಾತಾಡಿಟ್ಟುಕೊಳ್ಳುತ್ತಾರೆ. ಹದಿನೆಂಟು ತುಂಬದವರ ಬಾಡಿಗೆ ಕರಾರಿಗೆ ಪೋಷಕರ ಸಹಿಯೂ ಬೇಕು.

ತಂದೆತಾಯಿಯ ಮನೆಯಿಂದ ಶಾಲೆ 40 ಕಿಲೋಮೀಟರ್ ಅಥವಾ ಹೆಚ್ಚು ದೂರವಿದ್ದರೆ, ಇಲ್ಲವೇ ಹೋಗಿಬರಲು ದಿನಕ್ಕೆ 3 ಗಂಟೆ ಹಿಡಿದರೆ ಸರ್ಕಾರದ ಶಿಕ್ಷಣ ಸಾಲ ನಿಧಿ ಹೊರವಾಸದ ಸಹಾಯಧನ ಕೊಡುತ್ತದೆ. ಮರುಪಾವತಿ ಇಲ್ಲ, ತಿಂಗಳಿಗೆ ಐದು ಸಾವಿರ ಕ್ರೋನರಿಗೂ ಮೇಲೆ. ಬಾಡಿಗೆಯ ಬಹುಭಾಗಕ್ಕೆ ಅದೇ ಸರಿಹೋಗುತ್ತದೆ, ಊಟ, ಬಟ್ಟೆ, ಊರಿಗೆ ಬರುವ ಖರ್ಚು ಮನೆಯವರ ಮೇಲೆ.

ಶಾಲೆಗೆ ಸೇರಿಸುವುದು ಹುಟ್ಟಿದ ವರ್ಷದ ಲೆಕ್ಕದಲ್ಲಾದ್ದರಿಂದ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗಿ ಮನೆ ಬಿಡುವಾಗ ಇನ್ನೂ ಹದಿನೈದು. ಅಷ್ಟು ಎಳೆಯ ವಯಸ್ಸಿನವರು ಎಡವುವ ಜಾಗಗಳು ಗೊತ್ತಿರುವಂಥವೇ. ರಾತ್ರಿ ಊಟಕ್ಕೆ ಬ್ರೆಡ್ಡೇ ಗತಿಯಾಗುತ್ತದೆ. ಎಬ್ಬಿಸುವವರಿಲ್ಲದೆ ಡಿಸೆಂಬರಿನ ಕತ್ತಲಲ್ಲಿ ಮೊದಲ ಪಾಠ ತಪ್ಪುತ್ತದೆ, ಗೈರುಹಾಜರಿ ಬೆಳೆಯುತ್ತದೆ. ಮೇಲ್ಶಿಕ್ಷಣದಲ್ಲಿ ಯಾವುದೇ ವಿಷಯದಲ್ಲಿ ಸಕಾರಣವಿಲ್ಲದ ಗೈರು ನಿಗದಿತ ಮಿತಿ ದಾಟಿದರೆ ಆ ವಿಷಯದ ಶ್ರೇಣಿಯೇ ಕೈತಪ್ಪಬಹುದು. ಜ್ವರ ಬಂದರೆ ವೈದ್ಯರ ಬಳಿ ತಾನೇ ಹೋಗಬೇಕು. ಹದಿನಾರಕ್ಕೆ ವೈದ್ಯಕೀಯ ನಿರ್ಧಾರದ ಹಕ್ಕು ಬರುತ್ತದೆ, ಜೊತೆಗೇ ಅಲ್ಲಿಯವರೆಗೆ ಇಲ್ಲದಿದ್ದ ಶುಲ್ಕವೂ ಬರುತ್ತದೆ. ಶಾಲೆಯ ಆರೋಗ್ಯ ದಾದಿಯ ಬಳಿ ಮಾತ್ರ ಉಚಿತವಾಗಿ, ಸಮಯ ಗೊತ್ತುಪಡಿಸಿಕೊಳ್ಳದೆಯೂ ಹೋಗಬಹುದು. ಒಂಟಿತನ ಕಾಡುವ ಮಗು ಮೊದಲು ಬಾಗಿಲು ತಟ್ಟುವುದು ಬಹಳ ಸಲ ಅಲ್ಲಿಯೇ.

ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದು. ಹಣ ಸಿಗುತ್ತದೆ, ಸೀಟು ಸಿಗುತ್ತದೆ, ಆದರೆ ಸಂಜೆ ಐದರ ನಂತರ ದೊಡ್ಡವರೊಬ್ಬರು ಹತ್ತಿರವಿರುವ ಏರ್ಪಾಡು ಊರಿಂದೂರಿಗೆ ಬೇರೆ. ಅಜ್ಜಿಯೋ ಚಿಕ್ಕಮ್ಮನೋ ಪಟ್ಟಣದಲ್ಲಿರುವ ಮಕ್ಕಳಿಗೂ ಯಾರೂ ಇಲ್ಲದ ಮಕ್ಕಳಿಗೂ ಇರುವ ಅಂತರವನ್ನು ಸಹಾಯಧನ ತುಂಬಲಾರದು. ಒಂಬತ್ತನೇ ತರಗತಿಯಲ್ಲೇ ಐದಾರು ಅಡುಗೆ, ಬಟ್ಟೆ ಒಗೆಯುವುದು, ತಿಂಗಳ ಖರ್ಚು ಬರೆದಿಡುವುದು ಕಲಿಸಿ ಕಳಿಸುವ ಮನೆಗಳ ಮಕ್ಕಳು ಮೊದಲ ಚಳಿಗಾಲವನ್ನು ಸುಲಭವಾಗಿ ದಾಟುತ್ತಾರೆ.

ಮರಳುವ ದಾರಿ

ಮೀನುಗಾರಿಕೆಯನ್ನೇ ಕಸುಬಾಗಿ ಆರಿಸಿಕೊಂಡವರಿಗೆ ಎರಡು ವರ್ಷ ಶಾಲೆ, ಎರಡು ವರ್ಷ ದೋಣಿಯಲ್ಲಿ ಸಂಬಳ ಸಹಿತ ಶಿಷ್ಯವೃತ್ತಿ, ಕೊನೆಗೆ ಕಸುಬಿನ ಪ್ರಮಾಣಪತ್ರ. ಶಿಷ್ಯವೃತ್ತಿಯನ್ನು ಊರಿನ ದೋಣಿಯಲ್ಲೇ ಮಾಡಬಹುದಾದ್ದರಿಂದ ಅನೇಕರು ಹದಿನೆಂಟಕ್ಕೇ ಮರಳಿ ಬರುತ್ತಾರೆ. ದಾದಿ, ಶಿಕ್ಷಕ, ಎಂಜಿನಿಯರ್ ಆಗಹೊರಟವರು ಟ್ರೊಮ್ಸೊ, ಟ್ರೋಂಡ್‌ಹೈಮ್ ಕಡೆ ಇನ್ನೂ ದೂರ ಹೋಗುತ್ತಾರೆ. ಹುಡುಗಿಯರಲ್ಲಿ ಹೀಗೆ ದೂರ ಹೋಗುವವರು ಹೆಚ್ಚು.

ಮರಳಿದವರ ಮುಂದಿನ ತೊಡಕು ಕೋಟಾ, ಅಂದರೆ ಹಿಡಿಯಬಹುದಾದ ಮೀನಿನ ಮಿತಿ. ಕಾಡ್ ಸಂತತಿ ಕುಸಿದಾಗ 1989ರ ಏಪ್ರಿಲ್ 18ರಂದು ಕರಾವಳಿಯ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಲಾಯಿತು. 1990ರಿಂದ ದೋಣಿಗಿಷ್ಟು ಎಂಬ ಕೋಟಾ ಬಂತು. ಅದಕ್ಕೂ ಮುಂಚೆ ದೋಣಿ, ಬಲೆ ಇದ್ದರೆ ಕಸುಬು ಶುರುಮಾಡಬಹುದಿತ್ತು. ಈಗ ಕೋಟಾ ಇರುವ ದೋಣಿಯ ಬೆಲೆ ಇಪ್ಪತ್ತರ ತರುಣನ ಕೈಗೆಟುಕುವಂಥದಲ್ಲ. ಹೀಗಾಗಿ ಹೆಚ್ಚಿನವರು ಸಣ್ಣ ಸೆಕೆಂಡ್‌ಹ್ಯಾಂಡ್ ದೋಣಿ ಕೊಂಡು, ಕೋಟಾ ಇಲ್ಲದವರಿಗೆಂದೇ ಇರುವ ‘ತೆರೆದ ಗುಂಪಿ’ನಲ್ಲಿ ಕಡಿಮೆ ಮೀನಿಗೆ ಒಪ್ಪಿ ಆರಂಭಿಸುತ್ತಾರೆ, ಉಳಿದ ತಿಂಗಳು ಬೇರೆ ಕೆಲಸ ಮಾಡುತ್ತಾರೆ.

ಹಿಡಿಯಬಹುದಾದ ಮೀನೂ ಇಳಿಯುತ್ತಿದೆ. ಬಾರೆಂಟ್ಸ್ ಸಮುದ್ರದ ಕಾಡ್‌ಗೆ ನಾರ್ವೆ ಮತ್ತು ರಷ್ಯಾ ಸೇರಿ ಗೊತ್ತುಪಡಿಸುವ ಒಟ್ಟು ಮಿತಿ 2021ರಲ್ಲಿ 8,85,600 ಟನ್ ಇತ್ತು. 2025ಕ್ಕೆ ಅದು 3,40,000 ಟನ್‌ಗೆ ಬಂತು, 1991ರ ನಂತರ ಅಲ್ಲಿಯವರೆಗೆ ಅದು ಅಷ್ಟು ಕೆಳಗಿಳಿದಿರಲಿಲ್ಲ. ದಕ್ಕೆಗೆ ಬರುವ ತಲೆಗಳು ಕಡಿಮೆಯಾದರೆ ಹನ್ನೆರಡರ ಹುಡುಗಿಯ ಗಳಿಕೆ ಇಳಿಯುತ್ತದೆ, ಹದಿನೆಂಟರ ಶಿಷ್ಯನಿಗೆ ದೋಣಿಯಲ್ಲಿ ಜಾಗ ಸಿಗುವುದು ತಡವಾಗುತ್ತದೆ. ಹತ್ತನೇ ತರಗತಿಯ ಮಗು ಮೊದಲ ಆದ್ಯತೆಯಾಗಿ ಮೀನುಗಾರಿಕೆ ಬರೆಯಬೇಕೋ ವಿದ್ಯುತ್ ಕೆಲಸ ಬರೆಯಬೇಕೋ ಎಂದು ಯೋಚಿಸುವಾಗ ಮನೆಯಲ್ಲಿ ನಡೆಯುವ ಮಾತುಕತೆಯಲ್ಲಿ ಈಗ ಈ ಅಂಕಿಗಳೂ ಇರುತ್ತವೆ.